ಫೋನು ಹೇಳುವ ನೆರೆಹೊರೆ: ನಂಬೋದೆಷ್ಟು, ತಿದ್ದೋದು ಹೇಗೆ?

ಹತ್ತಿರದಲ್ಲಿ ಗೊಬ್ಬರದಂಗಡಿ ಎಲ್ಲಿದೆ, ರಾಗಿ ಕೊಯ್ಯುವ ಮೆಷಿನ್ ಯಾರ ಹತ್ರ ಇದೆ, ಹುಣಸೆಹಣ್ಣು ಕೊಳ್ಳುವ ಮಂಡಿ ಯಾವುದು – ಇಂಥದ್ದನ್ನೆಲ್ಲ ನಾವು ಸಂತೆಯಲ್ಲೋ ಟೀ ಅಂಗಡಿಯಲ್ಲೋ ಕೇಳಿ ತಿಳಿದವರು. ಈಗ ಹುಡುಗರು ಫೋನಿಗೇ ಕೇಳ್ತಾರೆ. ಕನ್ನಡದಲ್ಲಿ ಬಾಯಿಬಿಟ್ಟು ಹೇಳಿದರೂ ಸಾಕು, ಹುಡುಕಿ ಕೊಡುತ್ತೆ. ಏಳನೇ ಕ್ಲಾಸಿಗೆ ಓದು ನಿಲ್ಲಿಸಿದ ನನಗೂ ರೂಢಿಯಾಗಿದೆ. ಆದರೆ ಅದು ಹೇಳುವುದರಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಅಂತ ನಾವು ತಿಳಿದಿರಬೇಕು.

ಫೋನಿಗೆ ಹೇಗೆ ಗೊತ್ತಾಗುತ್ತೆ?

ಉಪಗ್ರಹಗಳ ಸಂಕೇತ ಹಿಡಿದು ಫೋನು ತಾನಿರುವ ಜಾಗ ಲೆಕ್ಕ ಹಾಕುತ್ತೆ. ಮೊದಲು ಅಮೆರಿಕದವರು ತಮ್ಮ ಜಿಪಿಎಸ್ ಸಂಕೇತವನ್ನು ಜನಸಾಮಾನ್ಯರಿಗೆ ಬೇಕೆಂದೇ ಮಸುಕು ಮಾಡಿ ಕೊಡುತ್ತಿದ್ದರು. 100 ಮೀಟರಿನಷ್ಟು ಹೆಚ್ಚುಕಮ್ಮಿ ಬರುತ್ತಿತ್ತು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದರು. 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂತು. ಜಿಪಿಎಸ್ ಇರುವ ಫೋನು ಕೈಗೆ ಬಂದ ಮೇಲೆ ನಕ್ಷೆಯೂ ಹುಡುಕಾಟವೂ ಒಂದಾದವು.

ಯಾವ ಅಂಗಡಿಯನ್ನು ಮೊದಲು ತೋರಿಸಬೇಕು ಅನ್ನೋದಕ್ಕೆ ಗೂಗಲ್ ಮುಖ್ಯವಾಗಿ ಮೂರು ವಿಷಯ ನೋಡುತ್ತೆ: ಕೇಳಿದ್ದಕ್ಕೆ ಹೊಂದುತ್ತದೆಯೇ, ಎಷ್ಟು ದೂರ, ಎಷ್ಟು ಹೆಸರುವಾಸಿ. ಮೊದಲು ಕಂಡದ್ದೇ ಒಳ್ಳೆಯದು ಅಂತೇನಿಲ್ಲ.

ಗಡಿಯ ಕಥೆಯೇ ಬೇರೆ. ನಮ್ಮ ಪಾವಗಡ ತಾಲ್ಲೂಕಿನ ಮೂರು ಕಡೆ ಆಂಧ್ರ. ಬೀಜ ಅಂತ ಕೇಳಿದರೆ ಫೋನು ಮಡಕಶಿರಾದ ಅಂಗಡಿಯನ್ನೂ ತೋರಿಸೀತು. ದುಡ್ಡು ಕೊಟ್ಟು ತರೋದಾದರೆ ಸರಿ. ಸಬ್ಸಿಡಿ ಕಡಲೆಕಾಯಿ ಬೀಜ ಬೇಕಾದರೆ ನಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೇ ಹೋಗಬೇಕು. ‘ಹತ್ತಿರ’ ಅಂದರೆ ಏನು ಅಂತ ರೈತನಿಗೆ ಗೊತ್ತು, ಫೋನಿಗೆ ಗೊತ್ತಿಲ್ಲ.

ತಪ್ಪು ಗುರುತಿಗೆ ತೆತ್ತ ಬೆಲೆ

2022ರ ಮುಂಗಾರಿನಲ್ಲಿ ನಮ್ಮ ಹಸು ಈಯುವಾಗ ಕರು ಅಡ್ಡ ಸಿಕ್ಕಿಕೊಂಡಿತು. ಸಂಜೆ ಹೊತ್ತು. ಮಗ ಫೋನು ನೋಡಿ, ಆರು ಕಿಲೋಮೀಟರಿನಲ್ಲಿ ಪಶು ಆಸ್ಪತ್ರೆ ಇದೆ ಅಂತ ಬೈಕ್ ಹತ್ತಿದ. ಹೋದರೆ ಬೀಗ, ಬಾಗಿಲ ಮುಂದೆ ಜಾಲಿ ಬೆಳೆದಿದೆ. ಆಸ್ಪತ್ರೆ ಬೇರೆ ಊರಿಗೆ ಹೋಗಿ ಎರಡು ವರ್ಷ ಆಗಿತ್ತಂತೆ. ಅಲ್ಲಿನ ಅಜ್ಜಿಯೊಬ್ಬರು ದಾರಿ ಹೇಳಿ, ಡಾಕ್ಟರು ಬರುವಷ್ಟರಲ್ಲಿ ಕತ್ತಲಾಗಿತ್ತು. ಹಸು ಉಳಿಯಿತು, ಕರು ಉಳಿಯಲಿಲ್ಲ. ಹೆಣ್ಣು ಕರು.

ಆ ಎರಡು ವರ್ಷದಲ್ಲಿ ಅಲ್ಲಿಗೆ ಹೋಗಿ ವಾಪಸು ಬಂದವರು ಎಷ್ಟು ಜನರೋ! ಒಬ್ಬರೂ ಅದನ್ನು ತಿದ್ದಿರಲಿಲ್ಲ. ತಿದ್ದಬಹುದು ಅಂತ ತಿಳಿದವರೇ ಇರಲಿಲ್ಲ.

ತಿದ್ದುವ ಕ್ರಮ

ನಕ್ಷೆಯಲ್ಲಿ ಆ ಜಾಗದ ಹೆಸರು ಒತ್ತಿದರೆ, ಕೆಳಗೆ ತಿದ್ದುಪಡಿ ಸೂಚಿಸುವ ಸಾಲು ಬರುತ್ತೆ. ಮುಚ್ಚಿದೆ, ಸ್ಥಳಾಂತರವಾಗಿದೆ, ಹೆಸರು ತಪ್ಪು – ಯಾವುದೋ ಅದನ್ನು ಆರಿಸಿ ಕಳಿಸಬೇಕು. ಅವರು ಪರಿಶೀಲಿಸಿ ಬದಲಾಯಿಸುತ್ತಾರೆ. ನಮ್ಮ ಪಕ್ಕದ ಮನೆಯ ಹೈಸ್ಕೂಲು ಹುಡುಗಿ ಆ ಆಸ್ಪತ್ರೆಯ ಗುರುತು ತಿದ್ದಿ ಕಳಿಸಿದಳು, ಈಗ ಸರಿಯಾಗಿದೆ. ಖರ್ಚು ಏನೂ ಇಲ್ಲ.

ಗಾಣ, ನರ್ಸರಿ ಇಟ್ಟವರು ತಮ್ಮ ಜಾಗವನ್ನೂ ಪುಕ್ಕಟೆ ಸೇರಿಸಬಹುದು. ಸೇರಿಸಿಕೊಡ್ತೀವಿ ಅಂತ ಫೋನಿನಲ್ಲಿ ದುಡ್ಡು ಕೇಳಿದರೆ ಕೊಡಬೇಡಿ. ಒಟಿಪಿಯನ್ನಂತೂ ಯಾರಿಗೂ ಹೇಳಬೇಡಿ. ಹುಡುಕಿದಾಗ ಸಿಕ್ಕ ಬ್ಯಾಂಕಿನ ನಂಬರನ್ನೂ ನಂಬಬೇಡಿ, ಪಾಸ್‌ಬುಕ್ಕಿನಲ್ಲಿ ಇರುವುದನ್ನೇ ನೋಡಿ.

ಇನ್ನೂ ಕೆಲವು

ಹೊಲದಲ್ಲಿ ನಿಂತು ‘ದಿಶಾಂಕ್’ ತೆರೆದರೆ ಆ ಜಾಗದ ಸರ್ವೆ ನಂಬರು ತಿಳಿಯುತ್ತೆ. ಆದರೆ ಬದುವಿನ ಜಗಳಕ್ಕೆ ಅದು ಸಾಕ್ಷಿಯಲ್ಲ, ಸರ್ವೆಯವರೇ ಅಳೆಯಬೇಕು. ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ನಾವಿರುವ ಜಾಗದ ಸುತ್ತ 20ರಿಂದ 40 ಕಿಲೋಮೀಟರಿನೊಳಗಿನ ಸಿಡಿಲಿನ ಬಗ್ಗೆ ಎಚ್ಚರಿಸುತ್ತೆ. ಕುರಿ ಮೇಯಿಸುವವರ ಫೋನಿನಲ್ಲಿ ಇದು ಇರಲೇಬೇಕು. ಮಳೆ ಲೆಕ್ಕಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದ್ದಾರೆ. ಪಕ್ಕದೂರಿನಲ್ಲಿ ಸುರಿದು ನಮ್ಮಲ್ಲಿ ಹನಿಯೂ ಬೀಳದ ಬಯಲುಸೀಮೆಗೆ ಇದೇ ಉಪಯೋಗದ ಲೆಕ್ಕ.

ಪೇಟೆಯಲ್ಲಿ ಅಂಗಡಿ ಮುಚ್ಚಿದರೆ ಯಾರಾದರೂ ಬೇಗ ತಿದ್ದಿಬಿಡ್ತಾರೆ. ಹಳ್ಳಿಯದನ್ನು ತಿದ್ದಲು ಹೊರಗಿನವರು ಬರುವುದಿಲ್ಲ. ಈ ತಿಂಗಳು ನಿಮ್ಮೂರಿನ ಪಶು ಆಸ್ಪತ್ರೆ, ಸೊಸೈಟಿ, ರೈತ ಸಂಪರ್ಕ ಕೇಂದ್ರ – ಈ ಮೂರರ ಗುರುತು ಸರಿಯಿದೆಯೇ ಅಂತ ಮಕ್ಕಳ ಕೈಲಿ ನೋಡಿಸಿ. ಹೊರಡುವ ಮುಂಚೆ ಒಂದು ಫೋನು ಮಾಡಿ ಕೇಳೋದನ್ನೂ ಮರೆಯಬೇಡಿ.