ಮುರಿದ ಮೂಳೆಯೂ ಶ್ರವಣಾತೀತ ಧ್ವನಿಯೂ

ಹೈದರಾಬಾದಿನ ಮಣಿಕೊಂಡದಲ್ಲಿ ಆಟವಾಡುತ್ತ ಬಿದ್ದ ಮಗುವಿನ ಮುಂಗೈ ಊದಿಕೊಂಡರೆ, ಹೆತ್ತವರಲ್ಲಿ ಕೆಲವರು ಕ್ಷ-ಕಿರಣ ಚಿತ್ರಕ್ಕೆ ಧಾವಿಸುತ್ತಾರೆ, ಕೆಲವರು 'ಪುತ್ತೂರು ಕಟ್ಟಿ'ಗೆ. (ಈ ಪುತ್ತೂರು ಆಂಧ್ರದ್ದು, ದಕ್ಷಿಣ ಕನ್ನಡದ್ದಲ್ಲ.) ಕೈ ಎಷ್ಟೇ ನುರಿತದ್ದಾದರೂ ಬಿರುಕನ್ನು ಕಾಣದೆ ಕಟ್ಟುವುದು ಅಪಾಯಕರವೇ ಸರಿ.

ಕಾಣಲು ಇನ್ನೊಂದು ಮಾರ್ಗವುಂಟು. ಮನುಷ್ಯನ ಕಿವಿಗೆ ನಿಲುಕುವುದು ಸೆಕೆಂಡಿಗೆ 20,000 ಕಂಪನಗಳವರೆಗಿನ ಧ್ವನಿ. ದಶಲಕ್ಷಗಟ್ಟಲೆ ಕಂಪನಗಳ ಧ್ವನಿಯನ್ನು ದೇಹದೊಳಕ್ಕೆ ಹಾಯಿಸಿದಾಗ ಅದು ಮಾಂಸವನ್ನು ದಾಟಿ, ಮೂಳೆಗೆ ತಾಗಿ, ಬಹುಮಟ್ಟಿಗೆ ಅಲ್ಲಿಂದಲೇ ಮರುದನಿಯಾಗಿ ಹಿಂದಿರುಗುತ್ತದೆ. ಆದ್ದರಿಂದ ಮೂಳೆಯ ಒಡಲು ಕಾಣದು; ಮೇಲಂಚು ಮಾತ್ರ ಬೆಳ್ಳಗಿನ ಗೆರೆಯಾಗಿ ಮೂಡುತ್ತದೆ. ಆ ಗೆರೆ ತುಂಡಾಗಿದ್ದರೆ, ಬಾಗಿದ್ದರೆ, ಅಥವಾ ಮೆಟ್ಟಿಲಿನಂತೆ ತಗ್ಗಿದ್ದರೆ ಅದೇ ಮುರಿತದ ಕುರುಹು. ಕೀಲಿನೊಳಗಿನ ಮುರಿತಕ್ಕೆ ಮಾತ್ರ ಈ ಸಾಕ್ಷ್ಯ ಸಾಲದು.

2023ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗವೊಂದರಲ್ಲಿ, ಮುಂಗೈಗೆ ಪೆಟ್ಟಾಗಿಯೂ ಕೈ ಸೊಟ್ಟಗಾಗದಿದ್ದ 270 ಮಕ್ಕಳಲ್ಲಿ, ಧ್ವನಿಯಿಂದ ಪರೀಕ್ಷಿತರಾದವರು ನಾಲ್ಕು ವಾರಗಳ ತರುವಾಯ ಕೈಯ ಬಳಕೆಯಲ್ಲಿ ಉಳಿದವರಿಗಿಂತ ಹಿಂದೆ ಬೀಳಲಿಲ್ಲ. ವಿಕಿರಣದ ಭಯವೂ ಇಲ್ಲ.

ಭಾರತದಲ್ಲಿ ತೊಡಕು ಬೇರೆ. ಹೆಣ್ಣು ಭ್ರೂಣಹತ್ಯೆಯನ್ನು ತಡೆಯಲು ಬಂದ 1994ರ ಕಾನೂನಿನಂತೆ ಇಂತಹ ಯಂತ್ರವನ್ನು ನೋಂದಣಿಯಿಲ್ಲದೆ ಬಳಸುವಂತಿಲ್ಲ. ಮೂಳೆಯನ್ನು ನೋಡುವ ಯಂತ್ರ ಗರ್ಭವನ್ನೂ ನೋಡಬಲ್ಲದಷ್ಟೆ. ಆದುದರಿಂದ ಅದನ್ನು ಚೀಲದಲ್ಲಿರಿಸಿಕೊಂಡು ರೋಗಿಯ ಮನೆಗೆ ಹೋಗುವುದು ಇಲ್ಲಿನ ವೈದ್ಯರಿಗೆ ಸುಲಭಸಾಧ್ಯವಲ್ಲ.