ನಾಯಿಯ ವೃಷಣದ ಗಡ್ಡೆ: ಹಾರ್ಮೋನು ಪರೀಕ್ಷೆ ಏನನ್ನು ಹೇಳುತ್ತದೆ?

ಸಾಕುನಾಯಿಯ ರೋಮ ಉದುರತೊಡಗಿದರೆ ಕಜ್ಜಿಯೆಂದು ತೀರ್ಮಾನಿಸಿ ಹೊಂಗೆ ಎಣ್ಣೆಯನ್ನೋ ಬೇವಿನ ಎಣ್ಣೆಯನ್ನೋ ಹಚ್ಚುವುದು ನಮ್ಮ ಗಡಿನಾಡಿನ ಮನೆಗಳ ರೂಢಿ. ಅನೇಕ ಸಲ ಆ ಊಹೆ ಸರಿಯೂ ಆಗಿರುತ್ತದೆ. ಆದರೆ ವಯಸ್ಸಾದ ಗಂಡುನಾಯಿಯ ಎರಡೂ ಪಕ್ಕೆಗಳಲ್ಲಿ ಸಮನಾಗಿ, ತುರಿಕೆಯಿಲ್ಲದೆ ರೋಮ ಉದುರುತ್ತಿದ್ದರೆ, ಮೊಲೆತೊಟ್ಟುಗಳು ಊದಿಕೊಂಡಿದ್ದರೆ, ಬೇರೆ ಗಂಡುನಾಯಿಗಳು ಅದನ್ನು ಹೆಣ್ಣೆಂದು ಭ್ರಮಿಸಿ ಹಿಂಬಾಲಿಸುತ್ತಿದ್ದರೆ ಎಣ್ಣೆಯ ಬಾಟಲಿಯನ್ನು ಬದಿಗಿಡಬೇಕು. ವೃಷಣದಲ್ಲಿ ಗಡ್ಡೆ ಬೆಳೆದಿರುವ ಸಾಧ್ಯತೆಯಿದೆ.

ಹತ್ತನೆಯ ತರಗತಿಯ ಜೀವಶಾಸ್ತ್ರದಲ್ಲಿ ಹಾರ್ಮೋನುಗಳನ್ನು ಓದಿದ ಮಕ್ಕಳು ಇದರ ಕಾರಣವನ್ನು ಸುಲಭವಾಗಿ ಗ್ರಹಿಸಬಲ್ಲರು. ನಾಯಿಯ ವೃಷಣದ ಗಡ್ಡೆಗಳಲ್ಲಿ ಮುಖ್ಯವಾದವು ಮೂರು. ಅವುಗಳಲ್ಲಿ ಒಂದು ಸರ್ಟೋಲಿ ಕೋಶಗಳಿಂದ ಹುಟ್ಟುತ್ತದೆ. ವೀರ್ಯಾಣುಗಳನ್ನು ಪೋಷಿಸುವ ಈ ಕೋಶಗಳನ್ನು 1865ರಲ್ಲಿ ವರ್ಣಿಸಿದವನು ಇಟಲಿಯ ಎನ್ರಿಕೊ ಸರ್ಟೋಲಿ. ಈ ಬಗೆಯ ಗಡ್ಡೆ ಅನೇಕ ವೇಳೆ ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನನ್ನು ಅತಿಯಾಗಿ ಸ್ರವಿಸುತ್ತದೆ. ರೋಮ ಹೋದರೆ ಮತ್ತೆ ಬಂದೀತು. ಈಸ್ಟ್ರೊಜೆನ್ ಮಿತಿಮೀರಿ ಅಸ್ಥಿಮಜ್ಜೆಯನ್ನು ಕುಗ್ಗಿಸಿದರೆ ರಕ್ತಕಣಗಳ ಉತ್ಪತ್ತಿಯೇ ಇಳಿದು ನಾಯಿ ಸಾಯಬಹುದು.

ಮೊದಲ ತಪಾಸಣೆಗೆ ಪ್ರಯೋಗಾಲಯ ಬೇಡ. ನಾಯಿಗೆ ಎರಡು ಬೀಜಗಳಿವೆಯೇ ಎಂದು ನೋಡಿದರೆ ಸಾಕು. ಮರಿಗೆ ಸುಮಾರು ಎರಡು ತಿಂಗಳಾಗುವಷ್ಟರಲ್ಲಿ ಅವು ಚೀಲಕ್ಕೆ ಇಳಿದಿರುತ್ತವೆ. ಆರು ತಿಂಗಳಾದರೂ ಇಳಿಯದ ವೃಷಣ ಹೊಟ್ಟೆಯೊಳಗೋ ತೊಡೆಸಂದಿಯಲ್ಲೋ ಉಳಿದುಬಿಡುತ್ತದೆ. ಅಂತಹದರಲ್ಲಿ ಗಡ್ಡೆಯ ಅಪಾಯ ಹಲವು ಪಟ್ಟು ಹೆಚ್ಚು. ಇದನ್ನು ವೈದ್ಯರಲ್ಲಿ ಹೇಳಲು ದೊಡ್ಡವರೇ ನಾಚುತ್ತಾರೆ. ನಾಚಿಕೆಗೆ ಇಲ್ಲಿ ಎಡೆಯಿಲ್ಲವೆಂಬುದು ನಮ್ಮ ಅಭಿಪ್ರಾಯ.

ಹೊಟ್ಟೆಯೊಳಗಿನ ಗಡ್ಡೆ ಕೈಗೆ ಸಿಗದು. ಹಾರ್ಮೋನು ಪರೀಕ್ಷೆಯ ನಿಜವಾದ ಉಪಯೋಗ ಇಂತಹ ಕಡೆ. ಎಲ್ಲರಿಗೂ ಮೊದಲು ಹೊಳೆಯುವುದು ರಕ್ತದಲ್ಲಿ ಈಸ್ಟ್ರೊಜೆನ್ ಅಳೆಯುವುದು. ಆದರೆ ಅದರ ಪ್ರಮಾಣ ಏರಿಳಿಯುತ್ತಿರುತ್ತದೆ. ಗಡ್ಡೆಯಿರುವ ನಾಯಿಯಲ್ಲೂ ಫಲಿತಾಂಶ ಸಹಜವಾಗಿ ಬರಬಹುದು. ಆದ್ದರಿಂದ ‘ನಾರ್ಮಲ್’ ಎಂಬ ಒಂದು ಪದವನ್ನು ನಂಬಿ ಮನೆಗೆ ಮರಳುವಂತಿಲ್ಲ. ಮುಂದೊಗಲಿನ ಒಳಭಾಗದಿಂದ ಕೋಶಗಳನ್ನು ಹತ್ತಿಯಲ್ಲಿ ಒರೆಸಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವೊಂದಿದೆ. ಈಸ್ಟ್ರೊಜೆನ್ ಹೆಚ್ಚಾಗಿದ್ದರೆ ಆ ಕೋಶಗಳು ಬೆದೆಗೆ ಬಂದ ಹೆಣ್ಣುನಾಯಿಯ ಕೋಶಗಳಂತೆ ಒರಟಾಗಿ ಚಪ್ಪಟೆಯಾಗಿರುತ್ತವೆ. ಖರ್ಚು ಅಲ್ಪ, ಸುಳಿವು ದೊಡ್ಡದು.

ಇತ್ತೀಚಿನ ವರ್ಷಗಳಲ್ಲಿ ಮಹತ್ವ ಪಡೆದಿರುವುದು ಆ್ಯಂಟಿ ಮುಲೇರಿಯನ್ ಹಾರ್ಮೋನು, ಅಂದರೆ ಎಎಂಎಚ್. ಗಂಡು ಭ್ರೂಣದಲ್ಲಿ ಗರ್ಭಕೋಶವಾಗಬೇಕಿದ್ದ ನಾಳವನ್ನು ಅಳಿಸುವುದು ಇದರ ಮೂಲ ಕೆಲಸ. ಗಂಡಿನಲ್ಲಿ ಇದನ್ನು ತಯಾರಿಸುವುದು ಸರ್ಟೋಲಿ ಕೋಶಗಳೇ. ಪ್ರಾಯಕ್ಕೆ ಬಂದ ನಾಯಿಯಲ್ಲಿ ಇದರ ಪ್ರಮಾಣ ಇಳಿಯುತ್ತದೆ. ಸರ್ಟೋಲಿ ಗಡ್ಡೆಯಾದಾಗ ಬಹಳ ಏರುತ್ತದೆ. ಸ್ವೀಡನ್ನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಗಡ್ಡೆಯ ಪತ್ತೆಗೆ ಎಎಂಎಚ್ ಉಪಯುಕ್ತವಾಗಬಲ್ಲದೆಂದು ತೋರಿಸಿತು. ಶಸ್ತ್ರಚಿಕಿತ್ಸೆಯ ಬಳಿಕ ಪ್ರಮಾಣ ಕುಸಿಯುವುದರಿಂದ ಗಡ್ಡೆ ಪೂರ್ತಿ ಹೋಯಿತೇ ಎಂದು ತಿಳಿಯಲೂ ಅದು ನೆರವಾಗುತ್ತದೆ. ಮರಿಗಳಲ್ಲಿ ಇದು ಸಹಜವಾಗಿಯೇ ಹೆಚ್ಚಿರುವುದರಿಂದ ನಾಯಿಯ ವಯಸ್ಸನ್ನು ಹೇಳದೆ ಅಂಕಿಗೆ ಅರ್ಥವಿಲ್ಲ. ಮನುಷ್ಯರಿಗಾಗಿ ಸಿದ್ಧಪಡಿಸಿದ ಪರೀಕ್ಷಾ ಕಿಟ್ ನಾಯಿಯ ರಕ್ತಕ್ಕೆ ಒಗ್ಗುತ್ತದೆಯೇ ಎಂದೂ ಪ್ರಯೋಗಾಲಯದಲ್ಲಿ ವಿಚಾರಿಸಬೇಕು.

ಈ ಪರೀಕ್ಷೆ ಎಲ್ಲೆಡೆ ದೊರೆಯುವಂಥದ್ದಲ್ಲ. ಮಂಜೇಶ್ವರದವರು ಮಂಗಳೂರಿನತ್ತ ನೋಡುತ್ತಾರೆ. ಕೇರಳದೊಳಗೆ ಪೂಕೋಡ್ ಮತ್ತು ಮಣ್ಣುತ್ತಿಯಲ್ಲಿ ಪಶುವೈದ್ಯ ಕಾಲೇಜುಗಳಿವೆ. ಅಲ್ಲಿಯವರೆಗೆ ಹೋಗುವ ಮೊದಲು ಹೊಟ್ಟೆಯ ಸ್ಕ್ಯಾನಿಂಗ್ ಮತ್ತು ರಕ್ತಕಣಗಳ ಎಣಿಕೆ ಆಗಲಿ. ಎಣಿಕೆಯಂತೂ ಅನಿವಾರ್ಯ: ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಇಳಿದಿದ್ದರೆ ಶಸ್ತ್ರಚಿಕಿತ್ಸೆಯೇ ಅಪಾಯಕಾರಿ. ವೃಷಣಗಳನ್ನು ತೆಗೆಸುವುದೇ ಮುಖ್ಯ ಚಿಕಿತ್ಸೆ. ಗಡ್ಡೆ ಬೇರೆಡೆಗೆ ಹರಡಿರದಿದ್ದರೆ, ಮಜ್ಜೆ ಕೆಟ್ಟಿರದಿದ್ದರೆ, ಹೆಚ್ಚಿನ ನಾಯಿಗಳು ಚೇತರಿಸಿಕೊಳ್ಳುತ್ತವೆ. ತೆಗೆದ ಭಾಗವನ್ನು ಎಸೆಯದೆ ಅಂಗಾಂಶ ಪರೀಕ್ಷೆಗೆ ಕಳುಹಿಸುವಂತೆ ಕೇಳಬೇಕು. ಗಡ್ಡೆ ಯಾವ ಬಗೆಯದೆಂದು ಖಚಿತಪಡಿಸುವುದು ಅದೇ.

ವೈದ್ಯರೊಡನೆ ಮಲಯಾಳದಲ್ಲಿ ಮಾತನಾಡಲು ತೊಡಕಾಗುವ ಮನೆಯವರು ಮೂರು ಸಂಗತಿಗಳನ್ನು ಮೊದಲೇ ಚೀಟಿಯಲ್ಲಿ ಬರೆಸಿಕೊಂಡು ಹೋಗಲಿ: ನಾಯಿಯ ವಯಸ್ಸು, ಕೈಗೆ ಸಿಗುವ ವೃಷಣಗಳೆಷ್ಟು, ರೋಮ ಉದುರತೊಡಗಿ ಎಷ್ಟು ದಿನವಾಯಿತು. ಶಾಲೆಗೆ ಹೋಗುವ ಮಕ್ಕಳು ಅದನ್ನು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರೆದುಕೊಡಬಲ್ಲರು. ವೃಷಣ ಇಳಿಯದ ದೋಷ ವಂಶಪಾರಂಪರ್ಯವಾಗಿ ಬರಬಹುದಾದ್ದರಿಂದ ಅಂತಹ ನಾಯಿಯನ್ನು ತಳಿಗೆ ಬಳಸದೆ, ಗಡ್ಡೆ ಬರುವವರೆಗೆ ಕಾಯದೆ, ಎಳವೆಯಲ್ಲೇ ಎರಡೂ ವೃಷಣಗಳನ್ನು ತೆಗೆಸುವುದು ಒಳ್ಳೆಯದು.