ಶ್ರೀರಂಗಪಟ್ಟಣದ ಮಸೀದಿ: ವಿವಾದವೂ ವಿವೇಕವೂ

ಶ್ರೀರಂಗಪಟ್ಟಣದ ಕೋಟೆಯನ್ನು ಪೂರ್ವ ದಿಕ್ಕಿನ ಬೆಂಗಳೂರು ಬಾಗಿಲಿನ ಕಡೆಯಿಂದ ಪ್ರವೇಶಿಸುವ ಯಾತ್ರಿಕರಿಗೆ ಮೊದಲು ಕಾಣುವುದು ಎಂಟು ಮೂಲೆಗಳ ಎರಡು ಎತ್ತರದ ಮಿನಾರುಗಳು. 1787ರ ಸುಮಾರಿಗೆ ಟಿಪ್ಪು ಸುಲ್ತಾನನು ಕಟ್ಟಿಸಿದ ಜಾಮಿಯಾ ಮಸೀದಿ ಅದು; ಮಸ್ಜಿದ್-ಎ-ಆಲಾ ಎಂಬ ಹೆಸರೂ ಅದಕ್ಕುಂಟು. ಅದೇ ಕೋಟೆಯ ಪಶ್ಚಿಮ ಭಾಗದಲ್ಲಿ ಶ್ರೀರಂಗನಾಥನು ಪವಡಿಸಿದ್ದಾನೆ. ಮಸೀದಿಯೂ ದೇವಾಲಯವೂ ಒಂದೇ ಕೋಟೆಗೋಡೆಯ ಒಳಗೆ ಇನ್ನೂರು ವರುಷಗಳಿಗೂ ಮಿಕ್ಕಿ ಬಾಳಿವೆ. ಈಚಿನ ವರುಷಗಳಲ್ಲಿ ಈ ಮಸೀದಿಯ ಹೆಸರು ಕೇಳಿಬರುವುದು ಹೆಚ್ಚಾಗಿ ಪೊಲೀಸು ಬಂದೋಬಸ್ತಿನ ಸುದ್ದಿಯೊಡನೆ ಎಂಬುದು ವಿಷಾದದ ಸಂಗತಿ.

2022ರ ಮೇ ತಿಂಗಳಲ್ಲಿ ಕಾಶಿಯ ಜ್ಞಾನವಾಪಿ ಮಸೀದಿಯ ಸಮೀಕ್ಷೆ ದೇಶದ ಗಮನವನ್ನೆಲ್ಲ ಸೆಳೆದಿದ್ದಾಗ, ಇಲ್ಲಿಯೂ ಮಸೀದಿಯೊಳಗೆ ಪೂಜೆಗೆ ಅನುಮತಿ ಬೇಕೆಂಬ ಮನವಿ ಜಿಲ್ಲಾಧಿಕಾರಿಗಳ ಕೈಸೇರಿತು. ಜೂನ್ 4ರಂದು ‘ಶ್ರೀರಂಗಪಟ್ಟಣ ಚಲೋ’ ಎಂಬ ಕರೆ ಹೊರಟಿತು. ಜಿಲ್ಲಾಡಳಿತವು ಪಟ್ಟಣದಲ್ಲಿ ನಿಷೇಧಾಜ್ಞೆ ಜಾರಿಮಾಡಿತು. ಶನಿವಾರದ ಸಂತೆ ನಿಂತುಹೋಯಿತು. ಪತ್ರಿಕೆಗಳು ಘೋಷಣೆಗಳನ್ನು ವಿವರವಾಗಿ ಬರೆದವು. ಆ ದಿನ ತರಕಾರಿ ಮಾರಲಾಗದೆ ಉಳಿದ ರೈತರ ಸಂಗತಿ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ.

ಬೇಡಿಕೆಯ ಹಿಂದಿರುವ ವಾದವನ್ನು ಓದುಗ ಬಂಧುಗಳು ಬಲ್ಲರು. ಮಸೀದಿ ಇರುವ ಸ್ಥಳದಲ್ಲಿ ಪೂರ್ವದಲ್ಲಿ ಮೂಡಲ ಬಾಗಿಲ ಆಂಜನೇಯಸ್ವಾಮಿಯ ಗುಡಿ ಇದ್ದಿತು, ಒಳಗಿನ ಕಂಬಗಳೂ ಕಲ್ಯಾಣಿಯೂ ಅದಕ್ಕೆ ಸಾಕ್ಷಿ ಎಂಬುದು ಅದರ ಸಾರ. ಈ ಮಾತನ್ನು ಕೇವಲ ಕಟ್ಟುಕಥೆಯೆಂದು ತಳ್ಳಿಹಾಕುವವರ ಸಾಲಿಗೆ ನಾವು ಸೇರುವುದಿಲ್ಲ. ಟಿಪ್ಪುವಿನ ಚರಿತ್ರೆಯನ್ನು ಪಾರಸಿಯಲ್ಲಿ ಬರೆದ ಕಿರ್ಮಾನಿಯೇ ಒಂದು ಕಥೆ ಹೇಳುತ್ತಾನೆ: ಗುಡಿಯ ಮುಂದೆ ಆಡುತ್ತಿದ್ದ ಬಾಲಕ ಟಿಪ್ಪುವಿಗೆ ಫಕೀರನೊಬ್ಬನು, ನೀನು ಅರಸನಾಗುವೆ, ಆಗ ಇಲ್ಲಿ ಮಸೀದಿ ಕಟ್ಟಿಸು ಎಂದನಂತೆ; ಅರಸನಾದ ಮೇಲೆ ಟಿಪ್ಪು ಊರವರನ್ನು ಒಪ್ಪಿಸಿ ಆ ನಿವೇಶನವನ್ನು ಪಡೆದನಂತೆ. ಅರಸನು ಕೇಳಿದಾಗ ಪ್ರಜೆಗಳು ಕೊಡುವ ಒಪ್ಪಿಗೆಯ ತೂಕವೆಷ್ಟು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಅಲ್ಲಿ ಗುಡಿ ಇದ್ದಿತೆಂದೇ ವಾದಕ್ಕಾಗಿ ಒಪ್ಪಿಕೊಳ್ಳೋಣ. ಹಾಗೆ ಒಪ್ಪಿಕೊಂಡ ಮಾತ್ರಕ್ಕೆ ಇಂದು ಅಲ್ಲಿ ನಮಾಜು ಮಾಡುವವರನ್ನು ಎಬ್ಬಿಸುವ ಅಧಿಕಾರ ಯಾರಿಗಾದರೂ ಬರುವುದೇ?

ಈ ಪ್ರಶ್ನೆಯನ್ನು ಅನ್ಯರಿಗೆ ಹಾಕುವ ಮೊದಲು ನಮ್ಮನ್ನೇ ಕೇಳಿಕೊಳ್ಳುವುದು ಉಚಿತ. ಶಿವಭಕ್ತರ ಮನೆಗಳಲ್ಲಿ ಏಕಾಂತದ ರಾಮಯ್ಯನವರ ಕಥೆ ಕೇಳದವರು ವಿರಳ. ಹಾವೇರಿ ಜಿಲ್ಲೆಯ ಅಬಲೂರಿನಲ್ಲಿ ಜೈನರೊಡನೆ ಪಣತೊಟ್ಟು, ಶಿರಸ್ಸನ್ನು ಶಿವನಿಗೆ ಅರ್ಪಿಸಿ ಮರಳಿ ಪಡೆದು, ಜಿನಬಿಂಬವನ್ನು ಭಂಗಗೊಳಿಸಿ, ವೀರಸೋಮನಾಥನನ್ನು ಪ್ರತಿಷ್ಠಿಸಿದರೆಂದು ಅಲ್ಲಿಯ ದೇವಾಲಯದ ಶಾಸನವೇ ಸಾರುತ್ತದೆ. ಭಕ್ತಿಯಿಂದ ಕೇಳುವ ನಮಗೆ ಅದು ಪವಾಡ. ಜೈನ ಶ್ರಾವಕರ ಮನೆಯಲ್ಲಿ ಕುಳಿತು ಕೇಳಿದರೆ ಅದು ಬೇರೊಂದು ಕಥೆಯಾಗಿ ಕೇಳಿಸೀತು. ಎಂಟು ಶತಮಾನಗಳ ಲೆಕ್ಕದ ಪುಸ್ತಕವನ್ನು ಇಂದು ತೆರೆದರೆ, ಬಾಕಿದಾರರ ಪಟ್ಟಿಯಲ್ಲಿ ನಮ್ಮ ಹೆಸರೂ ಇರುತ್ತದೆ. ಅಬಲೂರಿನ ವಿಷಯವಾಗಿ ಇಂದು ಯಾರೂ ಮೆರವಣಿಗೆ ಹೊರಡಿಸಿಲ್ಲವೆಂಬುದು ನಮ್ಮ ಜೈನ ಸೋದರರ ಹಿರಿಮೆ.

ಕಾನೂನಿನ ವಿಷಯಕ್ಕೆ ಬಂದರೆ, ಎರಡೂ ಕಡೆಯವರು ಅರ್ಧ ಹೇಳಿ ಅರ್ಧ ಬಿಡುವುದನ್ನು ಕಾಣುತ್ತೇವೆ. 1947ರ ಆಗಸ್ಟ್ 15ರಂದು ಪೂಜಾಸ್ಥಳವೊಂದು ಯಾವ ಧರ್ಮದ್ದಾಗಿತ್ತೋ ಅದು ಹಾಗೆಯೇ ಮುಂದುವರಿಯತಕ್ಕದ್ದು ಎಂದು 1991ರ ಪೂಜಾಸ್ಥಳಗಳ ಕಾಯಿದೆ ವಿಧಿಸಿದೆ. ಅಯೋಧ್ಯೆಯನ್ನು ಮಾತ್ರ ಹೆಸರಿಸಿ ಹೊರಗಿಟ್ಟಿತು. ಆದರೆ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ ಒಳಪಟ್ಟ ಕಟ್ಟಡಗಳಿಗೆ ಆ ನಿಯಮ ತಾನಾಗಿಯೇ ಅನ್ವಯಿಸದೆಂದು ಅದೇ ಕಾಯಿದೆಯ 4ನೆಯ ಕಲಮು ಹೇಳುತ್ತದೆ. ಶ್ರೀರಂಗಪಟ್ಟಣದ ಮಸೀದಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಸ್ಮಾರಕ. ಹಾಗಾದರೆ ದಾರಿ ತೆರೆದಿದೆಯೆಂದು ಹಿಗ್ಗುವವರು 1958ರ ಕಾಯಿದೆಯ 16ನೆಯ ಕಲಮನ್ನೂ ಓದಬೇಕು. ಸಂರಕ್ಷಿತ ಪೂಜಾಸ್ಥಳವನ್ನು ಅದರ ಸ್ವರೂಪಕ್ಕೆ ಹೊಂದದ ಯಾವ ಕಾರ್ಯಕ್ಕೂ ಬಳಸಕೂಡದೆಂದು ಅದು ಕಟ್ಟಪ್ಪಣೆ ಮಾಡಿದೆ. ರಂಗನಾಥನ ಗುಡಿಯನ್ನೂ ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರನನ್ನೂ ಕಾಯುತ್ತಿರುವುದು ಇದೇ ಕಾಯಿದೆ. ಅತ್ತ, ಮಸೀದಿಯ ಆವರಣದಲ್ಲಿ ಮದರಸಾ ನಡೆಯುವುದು ಸ್ಮಾರಕದ ನಿಯಮಕ್ಕೆ ವಿರುದ್ಧವೆಂಬ ಅರ್ಜಿ 2024ರಲ್ಲಿ ರಾಜ್ಯದ ಹೈಕೋರ್ಟಿನಲ್ಲಿ ವಿಚಾರಣೆಗೆ ಬಂದಿತು. ಅಂತಹ ಪ್ರಶ್ನೆಯನ್ನು ನ್ಯಾಯಾಲಯದಲ್ಲಿ ಕೇಳುವುದು ತಪ್ಪಲ್ಲ; ಅದೇ ಸರಿಯಾದ ಸ್ಥಳ. ದೇಶದೆಲ್ಲೆಡೆ ಪೂಜಾಸ್ಥಳಗಳ ಬಗ್ಗೆ ಹೊಸ ದಾವೆಗಳನ್ನು ದಾಖಲಿಸಿಕೊಳ್ಳಬಾರದು, ಸಮೀಕ್ಷೆಯ ಆದೇಶ ಹೊರಡಿಸಬಾರದು ಎಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 12ರಂದು ಅಪ್ಪಣೆ ಮಾಡಿತು.

ಸಂವಿಧಾನದ 25ನೆಯ ವಿಧಿ ಆರಾಧನೆಯ ಸ್ವಾತಂತ್ರ್ಯವನ್ನು ಎಲ್ಲ ವ್ಯಕ್ತಿಗಳಿಗೂ ಸಮನಾಗಿ ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯ ಇವು ಅದರ ಮೇರೆ. ಬಹುಸಂಖ್ಯಾತರು ಅಲ್ಪಸಂಖ್ಯಾತರಿಗೆ ದಯೆಯಿಂದ ನೀಡಿದ ಭಿಕ್ಷೆ ಅದಲ್ಲ. 2018ರ ಮಾರ್ಚಿಯಲ್ಲಿ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ದೊರಕಲೆಂದು ರಾಜ್ಯ ಸರಕಾರ ಶಿಫಾರಸು ಮಾಡಿದಾಗ ನಮ್ಮೊಳಗೇ ಭಿನ್ನಾಭಿಪ್ರಾಯಗಳಿದ್ದುವು. ಕೇಂದ್ರವು ಅದನ್ನು ಅಂಗೀಕರಿಸಲೂ ಇಲ್ಲ. ಆದರೆ ಅಂದು ನಮ್ಮ ಹಿರಿಯರು ಪರವಾಗಿಯೂ ವಿರೋಧವಾಗಿಯೂ ವಾದಿಸಿದ್ದು ಇದೇ ಸಂವಿಧಾನವನ್ನು ಹಿಡಿದು. ಮಂಡ್ಯ ಜಿಲ್ಲೆಯಲ್ಲಿ ಸಂಖ್ಯೆಯಿಂದ ನಾವು ದೊಡ್ಡವರಲ್ಲ. ಸಂಖ್ಯೆಯೇ ಹಕ್ಕನ್ನು ಅಳೆಯುವ ಕೊಳಗವಾದರೆ ನಮಗೆ ಬರುವ ಪಾಲು ಎಷ್ಟೆಂದು ಬಂಧುಗಳೇ ಊಹಿಸಲಿ.

ಟಿಪ್ಪುವಿನ ವಿಷಯವಾಗಿ ಈ ಸೀಮೆಯ ನೆನಪು ಒಂದೇ ಬಣ್ಣದ್ದಲ್ಲ. ರಂಗನಾಥನಿಗೆ ಆತನು ಅರ್ಪಿಸಿದ ಬೆಳ್ಳಿಯ ಬಟ್ಟಲುಗಳೂ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಕೊಟ್ಟ ನಗಾರಿಯೂ ಪ್ರಸಿದ್ಧವಾಗಿವೆ. ಅದೇ ಮೇಲುಕೋಟೆಯ ಮಂಡಯಂ ಅಯ್ಯಂಗಾರರ ಮನೆಗಳಲ್ಲಿ ನರಕ ಚತುರ್ದಶಿಯ ದೀಪ ಹಚ್ಚುವುದಿಲ್ಲ. ಆ ದಿನ ತಮ್ಮ ಪೂರ್ವಜರನ್ನು ಟಿಪ್ಪು ಕೊಲ್ಲಿಸಿದನೆಂಬ ಶೋಕ ಅವರ ಕುಲದಲ್ಲಿ ಆರಿಲ್ಲ. ಬೆಳ್ಳಿಯ ಬಟ್ಟಲನ್ನು ತೋರಿಸಿ ಆ ಶೋಕವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆ ಶೋಕವನ್ನು ತೋರಿಸಿ, ಇನ್ನೂರು ವರುಷಗಳ ಬಳಿಕ ಕೋಟೆಯೊಳಗೆ ಬಳೆ ಮಾರಿ ಜೀವಿಸುವವನನ್ನು ಹೊಣೆ ಮಾಡುವುದಂತೂ ಸರ್ವಥಾ ನ್ಯಾಯವಲ್ಲ. ಮೇಲುಕೋಟೆಯ ಚೆಲುವನಾರಾಯಣನ ಪಾದದ ಬಳಿ ಬೀಬಿ ನಾಚ್ಚಿಯಾರ್ ಎಂಬ ತುರುಕ ರಾಜಕುಮಾರಿಗೆ ಇಂದಿಗೂ ಸ್ಥಾನವುಂಟು. ರಾಮಾನುಜರು ದಿಲ್ಲಿಯಿಂದ ಉತ್ಸವಮೂರ್ತಿಯನ್ನು ತಂದಾಗ ವಿರಹ ತಾಳಲಾರದೆ ಬೆನ್ನಟ್ಟಿ ಬಂದವಳು ಅವಳೆಂಬುದು ಐತಿಹ್ಯ. ಚರಿತ್ರಕಾರರು ಅದನ್ನು ನಂಬುವರೋ ಬಿಡುವರೋ, ಅಲ್ಲಿಯ ಅರ್ಚಕರು ಅವಳ ಪೂಜೆಯನ್ನು ತಪ್ಪಿಸಿಲ್ಲ.

ವಿವಾದದ ಬಿಸಿ ನಿಜವಾಗಿ ತಟ್ಟುವುದು ಇತಿಹಾಸಕ್ಕಲ್ಲ, ಅಂಗಡಿಗಳಿಗೆ. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಬದ್ರಿಕೊಪ್ಪಲಿನ ಗಣೇಶನ ಮೆರವಣಿಗೆ ಮಸೀದಿಯ ಬಳಿ ಬಂದಾಗ ಜಗಳವೆದ್ದು, ಕಲ್ಲುತೂರಾಟವಾಗಿ, ಅಂಗಡಿಗಳೂ ವಾಹನಗಳೂ ಬೆಂಕಿಗೆ ಆಹುತಿಯಾದುವು. ಎರಡೂ ಸಮುದಾಯಗಳ ತರುಣರನ್ನು ಬಂಧಿಸಲಾಯಿತು. ಮೊದಲ ಕಲ್ಲು ಯಾರದೆಂಬುದನ್ನು ನ್ಯಾಯಾಲಯ ಹೇಳಲಿ. ಬೆಂಕಿಗೆ ಮಾತ್ರ ಮಾಲೀಕನ ಮತ ಗೊತ್ತಿರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಪ್ರತಿ ಡಿಸೆಂಬರಿನಲ್ಲಿ ಹನುಮ ಮಾಲಾಧಾರಿಗಳ ಸಂಕೀರ್ತನ ಯಾತ್ರೆ ನಡೆಯುತ್ತ ಬಂದಿದೆ. ಆಂಜನೇಯನ ನಾಮಸಂಕೀರ್ತನೆಗೆ ಆಕ್ಷೇಪವೆತ್ತುವವರು ಯಾರು? ಅದೂ 25ನೆಯ ವಿಧಿಯ ಸ್ವಾತಂತ್ರ್ಯವೇ. ಮಸೀದಿಯ ಮುಂದೆ ನಿಂತು ಕೂಗುವ ಘೋಷಣೆಗೆ ಆ ರಕ್ಷೆ ಇಲ್ಲ. ನಾಲ್ಕೂ ತಾಲ್ಲೂಕುಗಳಲ್ಲಿ ನಮ್ಮ ಸಮಾಜದ ತರುಣರು ಗಣೇಶೋತ್ಸವದ ಸಮಿತಿಗಳಲ್ಲಿದ್ದಾರೆ. ಮೆರವಣಿಗೆಯ ಹಾದಿಯನ್ನೂ ನಮಾಜಿನ ವೇಳೆಯನ್ನೂ ಹಬ್ಬಕ್ಕೆ ಒಂದು ವಾರ ಮುಂಚಿತವಾಗಿ ಮಸೀದಿಯ ಹಿರಿಯರೊಡನೆ ಕುಳಿತು ಗೊತ್ತುಮಾಡಿಕೊಳ್ಳುವುದು, ಮಸೀದಿಯ ಎದುರು ಹಾಯುವಷ್ಟು ಹೊತ್ತು ಧ್ವನಿವರ್ಧಕವನ್ನು ನಿಲ್ಲಿಸುವುದು, ಹೊರಗಿನಿಂದ ಬಂದ ಅಪರಿಚಿತರ ಕೈಗೆ ಮುಂದಾಳತ್ವ ಕೊಡದಿರುವುದು ಇಷ್ಟನ್ನು ಅವರು ಸಮಿತಿಯ ಮೊದಲ ಸಭೆಯಲ್ಲೇ ಪ್ರಸ್ತಾಪಿಸಬೇಕೆಂದು ಮನೆಯ ಹಿರಿಯರು ಅವರಿಗೆ ತಿಳಿಯಹೇಳಲೆಂದು ಕೋರುತ್ತೇವೆ. ಆ ಸಭೆಗಳಿಗೆ ತಾಯಂದಿರೂ ಹೋಗುವುದು ಮೇಲು.